ಪರೀಕ್ಷೆಗೆ ಬಾರದ ಗಂಡು

ಮದುವೆಯಾಗಿ ನಾಲ್ಕಾರು ವರ್ಷವಾದರೂ ‘ವಿಶೇಷ’ವಿಲ್ಲ ಎಂದು ಆಸ್ಪತ್ರೆಗೆ ಬರುವ ದಂಪತಿಯ ಫೈಲುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಹೆಂಡತಿಯದು ಗಟ್ಟಿಯಾಗಿ ಊದಿಕೊಂಡಿರುತ್ತದೆ: ಥೈರಾಯ್ಡ್, ಎಎಂಎಚ್, ತಿಂಗಳಿಗೊಮ್ಮೆ ಸ್ಕ್ಯಾನಿಂಗ್, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆದ ಎಕ್ಸ್‌ರೇ, ಒಮ್ಮೊಮ್ಮೆ ಲ್ಯಾಪ್ರೋಸ್ಕೋಪಿಯ ಸಿ.ಡಿ. ಕೂಡ. ಗಂಡನದು ಒಂದೇ ಹಾಳೆ, ವೀರ್ಯಪರೀಕ್ಷೆಯ ವರದಿ. ಎಷ್ಟೋ ಮನೆಗಳಲ್ಲಿ ಆ ಹಾಳೆಯೂ ಇರುವುದಿಲ್ಲ. ಸೊಸೆ ಕುಕ್ಕೆಗೆ ಹೋಗಿ ಬಂದಿರುತ್ತಾಳೆ, ಅಶ್ವತ್ಥಕಟ್ಟೆ ಸುತ್ತಿರುತ್ತಾಳೆ, ಮೂರು ಡಾಕ್ಟರನ್ನು ಕಂಡಿರುತ್ತಾಳೆ. ಮಗನನ್ನು ಲ್ಯಾಬಿಗೆ ಕಳಿಸುವ ಮಾತು ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ.

ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಐದರಲ್ಲಿ ಒಂದು ಕಡೆ ಅವನೊಬ್ಬನೇ ಕಾರಣ. ಇದು ಹೊಸ ಸುದ್ದಿಯೇನಲ್ಲ. ಆದರೂ ‘ಗಂಡಸಿನ ಬಂಜೆತನಕ್ಕೆ ಚಿಕಿತ್ಸೆ ಏನು?’ ಎಂದು ಕೇಳಿದಾಗ ನಾವು ಎರಡು ಬೇರೆ ಪ್ರಶ್ನೆಗಳನ್ನು ಒಂದರಲ್ಲೇ ಕೇಳಿಬಿಟ್ಟಿರುತ್ತೇವೆ. ಗಂಡಸನ್ನು ಸರಿಪಡಿಸುವುದು ಒಂದು. ಅವನನ್ನು ಇದ್ದ ಹಾಗೇ ಬಿಟ್ಟು ದಂಪತಿಗೆ ಮಗು ಕೊಡುವುದು ಇನ್ನೊಂದು. ಕಳೆದ ಮೂವತ್ತು ವರ್ಷಗಳಲ್ಲಿ ಎರಡನೆಯದು ಮೊದಲನೆಯದನ್ನು ಬಹುಮಟ್ಟಿಗೆ ನುಂಗಿಹಾಕಿದೆ. ಈ ಕ್ಷೇತ್ರದ ವಾದವಿವಾದಗಳೆಲ್ಲ ಕೊನೆಗೆ ಇಲ್ಲಿಗೇ ಬಂದು ಸೇರುತ್ತವೆ ಎಂಬುದು ನನ್ನ ಅನಿಸಿಕೆ.

ಬೀಜ, ಕ್ಷೇತ್ರ ಮತ್ತು ಮರೆತ ಅರ್ಧ

ಹಳಬರಿಗೆ ಗಂಡಸಿನ ಪಾಲು ಗೊತ್ತೇ ಇರಲಿಲ್ಲ ಎನ್ನುವುದು ಸುಳ್ಳು. ಗರ್ಭ ನಿಲ್ಲಲು ಋತು, ಕ್ಷೇತ್ರ, ಅಂಬು, ಬೀಜ ನಾಲ್ಕೂ ಕೂಡಿಬರಬೇಕು ಎನ್ನುತ್ತದೆ ಸುಶ್ರುತಸಂಹಿತೆ. ಕೆಟ್ಟ ಶುಕ್ರದ ಬಗೆಗಳನ್ನು ಅದು ಬೇರೆಬೇರೆಯಾಗಿ ಹೆಸರಿಸುತ್ತದೆ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಮಹಾಭಾರತದ ನಿಯೋಗವಾದರೂ ಏನು? ವಂಶ ನಿಲ್ಲಬಾರದೆಂದು ಹೊರಗಿನ ಬೀಜ ತರುವುದಕ್ಕೆ ಸಮಾಜವೇ ಮಾಡಿಕೊಂಡ ಏರ್ಪಾಡು. ಗಂಡನ ಕೊರತೆಯನ್ನು ಒಪ್ಪಿಕೊಂಡು, ಅದನ್ನು ಹೊರಗೆ ಆಡದೆ ಇರುವ ವಿದ್ಯೆ ನಮಗೆ ಬಹಳ ಹಳೆಯದು. ಭೈರಪ್ಪನವರ ‘ವಂಶವೃಕ್ಷ’ದಲ್ಲಿ ಶ್ರೀನಿವಾಸ ಶ್ರೋತ್ರಿಗಳು ತಾವು ಜೀವಮಾನವಿಡೀ ಕಾಯ್ದುಕೊಂಡು ಬಂದ ವಂಶದ ರಕ್ತ ತಮ್ಮ ಮೈಯಲ್ಲೇ ಇಲ್ಲವೆಂದು ತಿಳಿಯುವ ಘಟ್ಟ ಕನ್ನಡ ಓದುಗರನ್ನು ಅಷ್ಟು ಅಲುಗಿಸಿದ್ದು ಸುಮ್ಮನೆ ಅಲ್ಲ.

ನಮ್ಮಲ್ಲಿ ಹಳೆಯದೊಂದು ಗೊಂದಲವೂ ಇದೆ. ಗಂಡಸುತನ ಬೇರೆ, ಫಲವತ್ತತೆ ಬೇರೆ. ಸಂಭೋಗದಲ್ಲಿ ಯಾವ ತೊಂದರೆಯೂ ಇಲ್ಲದವನ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಇಲ್ಲದಿರಬಹುದು. ತೊಂದರೆ ಇರುವವನಲ್ಲಿ ಕೋಟಿಗಟ್ಟಲೆ ಇರಬಹುದು. ವೀರ್ಯದ ಬಹುಪಾಲು ಬರುವುದು ವೃಷಣದಿಂದಲ್ಲ, ಅದರ ಆಚೆಯ ಗ್ರಂಥಿಗಳಿಂದ. ಹಾಗಾಗಿ ಬರಿಗಣ್ಣಿಗೆ ಏನೂ ಗೊತ್ತಾಗುವುದಿಲ್ಲ. ‘ನನಗೇನೂ ತೊಂದರೆ ಇಲ್ಲ ಸಾರ್’ ಎಂದು ಟೆಸ್ಟಿಗೆ ಬರಲೊಪ್ಪದ ಗಂಡನ ಹಟದ ಬೇರು ಇಲ್ಲೇ ಇದೆ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ‘ಗುಪ್ತ ರೋಗ’ದ ಜಾಹೀರಾತು ಬರೆಸುವವರ ಅಂಗಡಿ ನಡೆಯುವುದೂ ಇದೇ ಗೊಂದಲದ ಮೇಲೆ.

ಎಣಿಕೆಯ ಕಾಲ

1677ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಡಿ ವೀರ್ಯಾಣುಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಒಂದೊಂದು ವೀರ್ಯಾಣುವಿನೊಳಗೂ ಪುಟ್ಟ ಮನುಷ್ಯ ಮಡಿಚಿಕೊಂಡು ಕೂತಿದ್ದಾನೆ ಎಂದು ಚಿತ್ರ ಬರೆದವರೂ ಆಮೇಲೆ ಬಂದರು. ಆದರೆ ಅವುಗಳನ್ನು ಎಣಿಸಿ, ಆ ಎಣಿಕೆಗೂ ಬಸಿರಿಗೂ ಇರುವ ನಂಟು ನೋಡುವ ಕೆಲಸ ಶುರುವಾದದ್ದು 20ನೇ ಶತಮಾನದಲ್ಲಿ. 1929ರಲ್ಲಿ ಅಮೆರಿಕದ ಮೆಕೋಂಬರ್ ಮತ್ತು ಸ್ಯಾಂಡರ್ಸ್ ಮಿಲಿಲೀಟರಿಗೆ 6 ಕೋಟಿಯ ಗಡಿ ಹಾಕಿದರು. 1951ರಲ್ಲಿ ಜಾನ್ ಮೆಕ್ಲೌಡ್ ಮಕ್ಕಳಿದ್ದ ಸಾವಿರ ಗಂಡಸರನ್ನೂ ಇಲ್ಲದ ಸಾವಿರ ಗಂಡಸರನ್ನೂ ಹೋಲಿಸಿ ಅದನ್ನು 2 ಕೋಟಿಗೆ ಇಳಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2010ರ ಕೈಪಿಡಿಯಲ್ಲಿ ಗಡಿ 1.5 ಕೋಟಿ, 2021ರ ಆರನೆಯ ಆವೃತ್ತಿಯಲ್ಲಿ 1.6 ಕೋಟಿ.

ಈ ಗಡಿ ಬಂದದ್ದು ಹೇಗೆಂಬುದು ಮುಖ್ಯ. ಒಂದು ವರ್ಷದೊಳಗೆ ಹೆಂಡತಿ ಬಸಿರಾದ ಗಂಡಸರನ್ನು ಎಣಿಕೆಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಅತಿ ಕೆಳಗಿನ ನೂರಕ್ಕೆ ಐದು ಮಂದಿ ಎಲ್ಲಿ ಮುಗಿಯುತ್ತಾರೋ ಅಲ್ಲಿ ಎಳೆದ ಗೆರೆ ಅದು. ಎಂದರೆ ಗೆರೆಯ ಕೆಳಗಿನ ಐವರೂ ಅಪ್ಪಂದಿರೇ. ಗೆರೆಯ ಮೇಲಿದ್ದೂ ಅಪ್ಪನಾಗದವರು ಬೇಕಾದಷ್ಟಿದ್ದಾರೆ. ಆದರೂ ವರದಿಯಲ್ಲಿ ‘ಲೋ’ ಎಂಬ ಮುದ್ರೆ ಬಿದ್ದ ದಿನವೇ ಮನೆಯಲ್ಲಿ ಸೂತಕದ ಕಳೆ ಬರುತ್ತದೆ.

ಲ್ಯಾಬಿನಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಆ ಮುದ್ರೆಯ ಬೆಲೆ ತಿಳಿಯುತ್ತದೆ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಬನ್ನಿ ಎಂದು ಹೇಳಿರುತ್ತಾರೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟು, ಚಿಲಕ ಭದ್ರವಿಲ್ಲದ ಕೋಣೆಯೊಂದನ್ನು ತೋರಿಸುತ್ತಾರೆ. ಹೊರಗೆ ಬ್ಲಡ್ ಕೊಡಲು ಬಂದವರ ಕ್ಯೂ. ಹನಿಗಳಲ್ಲಿ ಮೊದಲ ಭಾಗ, ಅಂದರೆ ವೀರ್ಯಾಣು ಹೆಚ್ಚಿರುವ ಭಾಗ, ಡಬ್ಬಿಯ ಹೊರಗೆ ಬಿದ್ದರೆ ಎಣಿಕೆ ಆಗಲೇ ಸುಳ್ಳಾಯಿತು. ಮಾದರಿ ನೀರಾಗಲು ಅರ್ಧ ಗಂಟೆ ಕಾಯಬೇಕು, ಮೈಶಾಖದಲ್ಲಿ ಇಡಬೇಕು. ಆಮೇಲೆ ಟೆಕ್ನೀಷಿಯನ್ ಗೆರೆ ಕೊರೆದ ಗಾಜಿನ ತಟ್ಟೆಯ ಮೇಲೆ ಹನಿ ಹಾಕಿ, ಚೌಕ ಚೌಕವಾಗಿ ಎಣಿಸುತ್ತಾ ಹೋಗಬೇಕು. ಬೆಳಿಗ್ಗೆಯಿಂದ ಮುನ್ನೂರು ಸಕ್ಕರೆ ಕಾಯಿಲೆಯ ಮಾದರಿ ನೋಡಿದ ಕೈಗೆ ಇದಕ್ಕೆಲ್ಲಿ ಪುರುಸೊತ್ತು? ಒಬ್ಬನೇ ಮನುಷ್ಯನ ಎಣಿಕೆ ವಾರದಿಂದ ವಾರಕ್ಕೆ ಎರಡು ಮೂರು ಪಟ್ಟು ಏರಿಳಿಯುವುದುಂಟು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕಾದ್ದರಿಂದ, ಇವತ್ತಿನ ವರದಿಯಲ್ಲಿ ಕಾಣುವುದು ಎರಡು ಮೂರು ತಿಂಗಳ ಹಿಂದೆ ಬಂದು ಹೋದ ಡೆಂಗಿ ಜ್ವರವೂ ಇರಬಹುದು. ವರದಿ ಕೆಟ್ಟದಾಗಿ ಬಂದರೆ ಇನ್ನೊಮ್ಮೆ ಮಾಡಿಸಿ ಎನ್ನುವುದು ಇದಕ್ಕೇ.

ರಕ್ತನಾಳದ ವಾದ

1950ರ ದಶಕದ ಮೊದಲ ವರ್ಷಗಳಲ್ಲಿ ಎಡಿನ್‌ಬರದ ಸರ್ಜನ್ ಸೆಲ್ಬಿ ಟಲಕ್, ವೀರ್ಯಾಣುವೇ ಇಲ್ಲದವನೊಬ್ಬನ ವೃಷಣದ ಮೇಲಿನ ಊದಿದ ಅಭಿಧಮನಿಗಳನ್ನು ಕಟ್ಟಿದ. ಆತ ಮುಂದೆ ಅಪ್ಪನಾದ. ವೆರಿಕೊಸೀಲ್ ಎಂಬ ಈ ತೊಂದರೆಯಲ್ಲಿ ಚೀಲವನ್ನು ಮುಟ್ಟಿದರೆ ಎರೆಹುಳುಗಳ ಗಂಟಿನಂತೆ ಕೈಗೆ ಸಿಗುತ್ತದೆ, ಹೆಚ್ಚಾಗಿ ಎಡಗಡೆ. ವೃಷಣ ಮೈಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು. ನಿಂತ ರಕ್ತ ಅದನ್ನು ಬೆಚ್ಚಗಾಗಿಸಿ ಉತ್ಪತ್ತಿ ಕೆಡಿಸುತ್ತದೆ ಎಂಬುದು ಈ ಪಂಥದ ವಿವರಣೆ.

ತಕರಾರು ಏನೆಂದರೆ, ವೆರಿಕೊಸೀಲ್ ಒಟ್ಟು ಗಂಡಸರಲ್ಲಿ ನೂರಕ್ಕೆ ಹದಿನೈದು ಮಂದಿಗೆ ಇದೆ. ಅವರಲ್ಲಿ ಬಹಳಷ್ಟು ಜನ ಮಕ್ಕಳೊಂದಿಗರು. ಮಕ್ಕಳಾಗದ ಗಂಡಸರಲ್ಲಿ ಇದು ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಕಡೆ ಕಾಣುತ್ತದೆ. ನಂಟು ಇದೆ, ಎಷ್ಟು ಎಂಬುದೇ ಜಗಳ. 1998ರಲ್ಲಿ ಜರ್ಮನಿಯ ನೀಶ್ಲಾಗ್ ತಂಡ ಶಸ್ತ್ರಕ್ರಿಯೆಯನ್ನೂ ಬರೀ ಸಲಹೆ–ಸಮಾಲೋಚನೆಯನ್ನೂ ಹೋಲಿಸಿ ಬಸಿರಿನ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲ ಎಂದಿತು. 2003ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಒಟ್ಟು ಪರಾಮರ್ಶೆಯೂ ಅದೇ ಧಾಟಿಯದು. ಸರ್ಜನ್ನರು ಬಿಡಲಿಲ್ಲ: ಕೈಗೆ ಸಿಗದ, ಸ್ಕ್ಯಾನಿನಲ್ಲಿ ಮಾತ್ರ ಕಾಣುವ ಸಣ್ಣಪುಟ್ಟವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಹೀಗೇ ಆಗುವುದು ಎಂದರು. ಈಗ ಒಂದು ರಾಜಿ ಆಗಿದೆ. ಗಂಟು ಕೈಗೆ ಸಿಗಬೇಕು, ವೀರ್ಯದ ವರದಿಯೂ ಕೆಟ್ಟಿರಬೇಕು, ಹೆಂಡತಿಯ ವಯಸ್ಸು ಕಾಯಲು ಬಿಡಬೇಕು, ಆಗ ಆಪರೇಷನ್. ಡಾಪ್ಲರ್ ಸ್ಕ್ಯಾನಿನಲ್ಲಿ ಕಂಡಿತೆಂಬ ಒಂದೇ ಕಾರಣಕ್ಕೆ ಕತ್ತಿ ಎತ್ತುವುದು ವಿಜ್ಞಾನಕ್ಕಿಂತ ಬಿಲ್ಲಿಗೆ ಹತ್ತಿರ.

ನೆಲ, ನೀರು, ವಿಷ

1992ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಕಾಕೆಬೆಕ್ ಮತ್ತು ಸಂಗಡಿಗರು 61 ಅಧ್ಯಯನಗಳನ್ನು ಕಲೆಹಾಕಿ, ಐವತ್ತು ವರ್ಷಗಳಲ್ಲಿ ಗಂಡಸರ ಸರಾಸರಿ ಎಣಿಕೆ ಮಿಲಿಲೀಟರಿಗೆ 11.3 ಕೋಟಿಯಿಂದ 6.6 ಕೋಟಿಗೆ ಇಳಿದಿದೆ ಎಂದರು. ವೃಷಣದ ಕ್ಯಾನ್ಸರ್, ಗಂಡುಮಕ್ಕಳಲ್ಲಿ ವೃಷಣ ಕೆಳಗಿಳಿಯದಿರುವುದು, ಕಡಿಮೆ ಎಣಿಕೆ, ಇವೆಲ್ಲ ತಾಯಿಯ ಗರ್ಭದಲ್ಲೇ ಶುರುವಾದ ಒಂದೇ ಕೇಡಿನ ಬೇರೆಬೇರೆ ಮುಖಗಳು ಎಂದು 2001ರಲ್ಲಿ ಅವರು ವಾದ ಮುಂದಿಟ್ಟರು. ಪಕ್ಕದ ಫಿನ್ಲೆಂಡಿನಲ್ಲಿ ಆ ಕ್ಯಾನ್ಸರ್ ಕಡಿಮೆ, ಎಣಿಕೆ ಹೆಚ್ಚು ಎಂಬುದು ಅವರಿಗೆ ಸಿಕ್ಕ ಬಲ. ಹಾಗೈ ಲೆವಿನ್ ತಂಡ 2017ರಲ್ಲಿ ಪಾಶ್ಚಾತ್ಯ ದೇಶಗಳ ಲೆಕ್ಕ ಕೊಟ್ಟು, ಆಮೇಲೆ ಏಷ್ಯಾ, ಆಫ್ರಿಕ, ದಕ್ಷಿಣ ಅಮೆರಿಕಗಳನ್ನೂ ಸೇರಿಸಿ, 1973ರಿಂದ 2018ರೊಳಗೆ ಎಣಿಕೆ ಅರ್ಧಕ್ಕಿಂತ ಕೆಳಗೆ ಬಂದಿದೆ ಎಂದಿತು: 10.1 ಕೋಟಿಯಿಂದ 4.9 ಕೋಟಿಗೆ.

ಎದುರುವಾದವೂ ಗಟ್ಟಿಯಾಗಿದೆ. ಐವತ್ತು ವರ್ಷದ ಹಿಂದೆ ಎಣಿಸಿದ ರೀತಿ ಬೇರೆ, ಎಣಿಸಿಕೊಂಡವರು ಬೇರೆ. 2021ರಲ್ಲಿ ಹಾರ್ವರ್ಡ್‌ನ ವಿದ್ವಾಂಸರ ಗುಂಪೊಂದು, ಎಣಿಕೆ ಕಾಲಕ್ಕೆ ಮತ್ತು ಸ್ಥಳಕ್ಕೆ ತಕ್ಕಂತೆ ಸಹಜವಾಗಿ ಬದಲಾಗಬಹುದು, 1970ರ ದಶಕದ ಪಾಶ್ಚಾತ್ಯ ಗಂಡಸನ್ನೇ ಲೋಕಕ್ಕೆಲ್ಲ ಅಳತೆಗೋಲು ಮಾಡಬೇಡಿ ಎಂದು ಆಕ್ಷೇಪಿಸಿತು. 4.9 ಕೋಟಿಯೂ ಗಡಿಗಿಂತ ಎಷ್ಟೋ ಮೇಲಿದೆ ಎಂಬುದನ್ನೂ ಮರೆಯುವಂತಿಲ್ಲ.

ನಮ್ಮ ಕಡೆಯ ಅಂಕಿಗಳಿಗೂ ಇದೇ ತೊಡಕು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನವರು 1993ರಿಂದ 2005ರವರೆಗೆ ತಮ್ಮಲ್ಲಿ ಪರೀಕ್ಷೆಗೆ ಬಂದ ಏಳು ಸಾವಿರಕ್ಕೂ ಹೆಚ್ಚು ಗಂಡಸರ ದಾಖಲೆ ನೋಡಿ, ಸರಾಸರಿ ಎಣಿಕೆ 3.8 ಕೋಟಿಯಿಂದ 2.6 ಕೋಟಿಯ ಆಸುಪಾಸಿಗೆ ಇಳಿದಿದೆಯೆಂದು 2008ರಲ್ಲಿ ಪ್ರಕಟಿಸಿದರು. ಕರಾವಳಿಯಲ್ಲಿ ಇಷ್ಟು ದೊಡ್ಡ ದಾಖಲೆ ಸಿಕ್ಕದ್ದೇ ದೊಡ್ಡದು. ಆದರೆ ಇವರೆಲ್ಲ ಮಕ್ಕಳಾಗದೆ ಆಸ್ಪತ್ರೆಗೆ ಬಂದವರು. ಆಸ್ಪತ್ರೆಗೆ ಹೆಸರು ಬಂದಷ್ಟೂ ದೂರದ, ಕಷ್ಟದ ಕೇಸುಗಳು ಅಲ್ಲಿಗೇ ಬರುತ್ತವೆ; ಆಗ ಊರಿನ ಗಂಡಸರಲ್ಲಿ ಏನೂ ಬದಲಾಗದೆಯೂ ಸರಾಸರಿ ಇಳಿಯಬಹುದು.

ವಿಷದಿಂದ ಬಂಜೆತನ ಬರುತ್ತದೆಯೇ ಎಂಬುದಕ್ಕೆ ಮಾತ್ರ ಅನುಮಾನವಿಲ್ಲದ ಒಂದು ಪ್ರಕರಣವಿದೆ. 1977ರಲ್ಲಿ ಕ್ಯಾಲಿಫೋರ್ನಿಯದ ಲಾಥ್ರಪ್ ಎಂಬಲ್ಲಿನ ಕೀಟನಾಶಕ ಕಾರ್ಖಾನೆಯ ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತ, ಯಾರಿಗೂ ಈಚೆಗೆ ಮಕ್ಕಳಾಗಿಲ್ಲ ಎಂಬುದನ್ನು ಗಮನಿಸಿದರು. ಪರೀಕ್ಷಿಸಿದಾಗ ಹಲವರಲ್ಲಿ ವೀರ್ಯಾಣುವೇ ಇರಲಿಲ್ಲ. ಕಾರಣ ಡಿಬಿಸಿಪಿ ಎಂಬ ಜಂತುಹುಳುನಾಶಕ. ಎರಡು ವರ್ಷದಲ್ಲಿ ಅಮೆರಿಕದ ಬಹುಭಾಗದಲ್ಲಿ ಅದರ ಬಳಕೆ ನಿಂತಿತು. ಡಾಕ್ಟರರಿಗಿಂತ ಮೊದಲು ಕೂಲಿಯವರಿಗೆ ಗೊತ್ತಾದ ಸತ್ಯ ಅದು.

ಎಂಡೋಸಲ್ಫಾನ್ ಕಥೆ ಅಷ್ಟು ನೇರವಲ್ಲ. ಕಾಸರಗೋಡಿನ ಕನ್ನಡ ಹಳ್ಳಿ ಪಡ್ರೆಯಲ್ಲಿ, ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಇಪ್ಪತ್ತು ವರ್ಷಗಳ ಮೇಲೆ ಮದ್ದು ಸುರಿದ ಊರಿನಲ್ಲಿ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಾಲಾ ಹುಡುಗರನ್ನು ಪರೀಕ್ಷಿಸಿತು. ಮದ್ದು ಬೀಳದ ಊರಿನ ಹುಡುಗರಿಗೆ ಹೋಲಿಸಿದರೆ ಇವರಲ್ಲಿ ಪ್ರಾಯ ಬರುವುದು ತಡವಾಗಿದೆ, ಹಾರ್ಮೋನಿನಲ್ಲೂ ವ್ಯತ್ಯಾಸವಿದೆ ಎಂದು 2003ರಲ್ಲಿ ವರದಿಯಾಯಿತು. ಕೀಟನಾಶಕ ಉದ್ಯಮ ಅದನ್ನು ಒಪ್ಪಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆಯಿತು. ಆ ಅಧ್ಯಯನ ಅಳೆದದ್ದು ಹುಡುಗರ ಬೆಳವಣಿಗೆಯನ್ನು. ಅವರು ಮುಂದೆ ಅಪ್ಪಂದಿರಾದರೇ ಎಂಬುದನ್ನಲ್ಲ. ಆ ಪ್ರಶ್ನೆ ಪಡ್ರೆಗಷ್ಟೇ ಅಲ್ಲ, ಇದೇ ಮದ್ದು ಬಿದ್ದ ದಕ್ಷಿಣ ಕನ್ನಡದ ಕೊಕ್ಕಡಕ್ಕೂ ಸೇರಿದ್ದು.

ಸಿಗರೇಟು, ಬೊಜ್ಜು, ಕುಲುಮೆಯ ಮುಂದೆ ದಿನವಿಡೀ ನಿಲ್ಲುವ ಕೆಲಸ, ಪ್ರಾಯ ಬಂದ ಮೇಲೆ ಬಂದ ಮಂಗನಬಾವು, ಇವೆಲ್ಲ ಎಣಿಕೆಯನ್ನು ತಗ್ಗಿಸಬಲ್ಲವು. ಆದರೆ ಇವುಗಳೊಂದರಿಂದಲೇ ಎಣಿಕೆ ಸೊನ್ನೆಗೆ ಇಳಿಯುವುದು ಅಪರೂಪ.

ವರ್ಣತಂತುವಿನಲ್ಲಿ ಬರೆದದ್ದು

ವೀರ್ಯಾಣು ಇಲ್ಲವೇ ಇಲ್ಲ ಎಂದಾಗ ಮೊದಲ ಪ್ರಶ್ನೆ: ತಯಾರಾಗುತ್ತಿಲ್ಲವೋ, ದಾರಿ ಕಟ್ಟಿದೆಯೋ? ದಾರಿ ಕಟ್ಟಿದ್ದರೆ, ಕುಟುಂಬ ಯೋಜನೆ ಆಪರೇಷನ್ ಮಾಡಿಸಿಕೊಂಡವರಲ್ಲಿ ಇರುವಂತೆ, ಮತ್ತೆ ಜೋಡಿಸಬಹುದು. ತಯಾರಾಗುತ್ತಿಲ್ಲವಾದರೆ ಜೀನಿನ ಕಡೆ ನೋಡಬೇಕು. 1959ರಲ್ಲಿ ಕ್ಲೈನ್‌ಫೆಲ್ಟರ್ ತೊಂದರೆಗೆ ಹೆಚ್ಚುವರಿ ಎಕ್ಸ್ ವರ್ಣತಂತು ಕಾರಣ ಎಂದು ಗೊತ್ತಾಯಿತು. 1976ರಲ್ಲಿ ಇಟಲಿಯ ಟಿಯೆಪೊಲೊ ಮತ್ತು ಜುಫಾರ್ಡಿ ವೈ ವರ್ಣತಂತುವಿನ ಉದ್ದತೋಳಿನಲ್ಲಿ ವೀರ್ಯಾಣು ಉತ್ಪತ್ತಿಗೆ ಬೇಕಾದ ಜಾಗವಿದೆ ಎಂದು ತೋರಿಸಿದರು. ಆ ಜಾಗದಲ್ಲಿ ಯಾವ ತುಂಡು ಕಳೆದಿದೆ ಎಂಬುದರ ಮೇಲೆ ಹಣೆಬರಹ ನಿಂತಿದೆ: ಎಝಡ್‌ಎಫ್‌–ಎ ಪೂರ್ತಿ ಹೋಗಿದ್ದರೆ ಹುಡುಕಿ ಪ್ರಯೋಜನವಿಲ್ಲ, ಸಿ ಹೋಗಿದ್ದರೆ ಅಲ್ಲಲ್ಲಿ ಒಂದಿಷ್ಟು ಸಿಗಬಹುದು. ಒಂದು ರಕ್ತಪರೀಕ್ಷೆ ಎಷ್ಟೋ ದಂಪತಿಯನ್ನು ವ್ಯರ್ಥ ಶಸ್ತ್ರಕ್ರಿಯೆಯಿಂದ ಉಳಿಸಬಲ್ಲದು.

ಇಲ್ಲೇ ಕೈಪರೀಕ್ಷೆಯ ಮಾತು ಬರುತ್ತದೆ. ಪ್ರೇಡರ್ ಮಣಿಸರ ಎಂಬುದೊಂದಿದೆ: 1 ಮಿಲಿಲೀಟರಿನಿಂದ 25ರವರೆಗೆ ಗಾತ್ರವಾರು ಪೋಣಿಸಿದ ಅಂಡಾಕಾರದ ಮಣಿಗಳು. ಒಂದು ಕೈಯಲ್ಲಿ ಸರ, ಇನ್ನೊಂದರಲ್ಲಿ ವೃಷಣ. ಹೋಲಿಸಿ ನೋಡಲು ಒಂದು ನಿಮಿಷ ಸಾಕು. ಮಣಿ ಮೂರು ನಾಲ್ಕರಲ್ಲೇ ನಿಂತರೆ, ವೃಷಣ ಗಟ್ಟಿಯಾಗಿದ್ದರೆ, ಡಾಕ್ಟರಿಗೆ ಕ್ಲೈನ್‌ಫೆಲ್ಟರ್ ನೆನಪಾಗಲೇಬೇಕು. ವೀರ್ಯನಾಳವೇ ಕೈಗೆ ಸಿಗದಿದ್ದರೆ ಅದು ಹುಟ್ಟಿನಿಂದ ಇಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಜೀನನ್ನು ಗಂಡಹೆಂಡಿರಿಬ್ಬರಲ್ಲೂ ನೋಡಬೇಕು. ಖರ್ಚೇ ಇಲ್ಲದ ಈ ಪರೀಕ್ಷೆಯೇ ಹೆಚ್ಚಾಗಿ ತಪ್ಪಿಹೋಗುವುದು, ಏಕೆಂದರೆ ದಂಪತಿ ಕೂತಿರುವುದು ಸ್ತ್ರೀರೋಗತಜ್ಞರ ಎದುರು.

ಸೂಜಿಯ ಅಡ್ಡದಾರಿ

1992ರಲ್ಲಿ ಬ್ರಸೆಲ್ಸ್‌ನಲ್ಲಿ ಪಲೆರ್ಮೊ ಮತ್ತು ಸಂಗಡಿಗರು ಒಂದೇ ವೀರ್ಯಾಣುವನ್ನು ಸೂಜಿಯಿಂದ ನೇರ ಅಂಡದೊಳಗೆ ಬಿಟ್ಟು ಬಸಿರು ತಂದರು. ಇಕ್ಸಿ ಎಂಬ ಈ ವಿಧಾನ ಹಳೆಯ ವಾದಗಳನ್ನೆಲ್ಲ ಒಂದೇ ಏಟಿಗೆ ಬದಿಗೆ ಸರಿಸಿತು. ಕೋಟಿ ಏಕೆ, ಒಂದು ಸಾಕು. ಆ ಒಂದೂ ವೀರ್ಯದಲ್ಲಿ ಇಲ್ಲದಿದ್ದರೆ ವೃಷಣದೊಳಗಿಂದಲೇ ತೆಗೆಯಬಹುದು. 1999ರಿಂದೀಚೆಗೆ ನ್ಯೂಯಾರ್ಕಿನ ಷ್ಲೇಗೆಲ್ ರೂಢಿಗೆ ತಂದ ಮೈಕ್ರೋ–ಟೀಸಿ ಶಸ್ತ್ರಕ್ರಿಯೆಯಲ್ಲಿ, ಉತ್ಪತ್ತಿಯೇ ನಿಂತಿದೆ ಎಂದುಕೊಂಡವರಲ್ಲೂ ಸುಮಾರು ಅರ್ಧದಷ್ಟು ಜನಕ್ಕೆ ವೀರ್ಯಾಣು ಸಿಗುತ್ತದೆ. ಕ್ಲೈನ್‌ಫೆಲ್ಟರ್ ಇದ್ದವರೂ ಅಪ್ಪಂದಿರಾದರು. ಇದು ಸಣ್ಣ ಸಾಧನೆಯಲ್ಲ.

ಆದರೆ ಬೆಲೆ ತೆತ್ತವಳು ಯಾರು? ತೊಂದರೆ ಗಂಡನದು, ಹತ್ತು ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವಳು ಹೆಂಡತಿ, ಅರಿವಳಿಕೆಯಲ್ಲಿ ಅಂಡ ತೆಗೆಸಿಕೊಳ್ಳುವವಳು ಹೆಂಡತಿ. ಇಕ್ಸಿ ಬಂದಮೇಲೆ ಗಂಡನಿಗೆ ಏಕೆ ಹೀಗಾಯಿತು ಎಂದು ಕೇಳುವ ಅವಸರವೇ ಹೋಯಿತು. ಕೇಳಬೇಕಿತ್ತು, ಏಕೆಂದರೆ ಕೆಟ್ಟ ವೀರ್ಯವರದಿಯ ಹಿಂದೆ ಒಮ್ಮೊಮ್ಮೆ ವೃಷಣದ ಕ್ಯಾನ್ಸರೋ ಹಾರ್ಮೋನಿನ ಕೊರತೆಯೋ ಅಡಗಿರುತ್ತದೆ. ಗಂಡನ ವರದಿ ಚೆನ್ನಾಗಿದ್ದರೂ ಇಕ್ಸಿಯನ್ನೇ ಮಾಡುವ ರೂಢಿ ಹರಡಿತು. ವಿಯೆಟ್ನಾಮಿನಲ್ಲಿ ಸಾವಿರಕ್ಕೂ ಹೆಚ್ಚು ದಂಪತಿಗಳ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗ, ಅಂಥವರಲ್ಲಿ ಸಾಮಾನ್ಯ ಐವಿಎಫ್‌ಗಿಂತ ಇಕ್ಸಿ ಮೇಲೇನೂ ಅಲ್ಲ ಎಂದು ತೋರಿಸಿತು.

ಮಾತ್ರೆ, ಪುಡಿ, ಇಂಜೆಕ್ಷನ್

ಗಂಡಸನ್ನೇ ಸರಿಪಡಿಸುವ ಔಷಧ ನಿಜವಾಗಿ ಫಲ ಕೊಡುವುದು ಒಂದೆಡೆ: ಮಿದುಳಿನ ಕೆಳಗಿನ ಪಿಟ್ಯೂಟರಿಯಿಂದ ಆಜ್ಞೆ ಬರದೆ ವೃಷಣ ಸುಮ್ಮನೆ ಕೂತಿರುವಾಗ. ಎಚ್‌ಸಿಜಿ, ಎಫ್‌ಎಸ್‌ಎಚ್ ಇಂಜೆಕ್ಷನ್ನುಗಳನ್ನು ತಿಂಗಳುಗಟ್ಟಲೆ ಕೊಟ್ಟರೆ ಸೊನ್ನೆಯಿಂದ ವೀರ್ಯಾಣು ಹುಟ್ಟುತ್ತದೆ. ಇಂಥವರು ಕಡಿಮೆ. ಇದರ ತಿರುಗುಮುರುಗು ಜಿಮ್ಮಿನಲ್ಲಿ ನಡೆಯುತ್ತದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಚುಚ್ಚಿಕೊಂಡರೆ ಪಿಟ್ಯೂಟರಿ ಸಾಕು ಎಂದು ಸುಮ್ಮನಾಗುತ್ತದೆ, ವೀರ್ಯಾಣು ನಿಲ್ಲುತ್ತದೆ. ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಯೋಗ ನಡೆಸಿದ್ದುಂಟು. ಮಕ್ಕಳಾಗಲಿ ಎಂದು ಬಂದವನಿಗೇ ‘ಶಕ್ತಿ ಬರಲಿ’ ಎಂದು ಟೆಸ್ಟೋಸ್ಟೆರಾನ್ ಬರೆದುಕೊಡುವವರಿಗೆ ಏನು ಹೇಳೋಣ? ಬಿಟ್ಟ ಮೇಲೆ ಹೆಚ್ಚಿನವರಲ್ಲಿ ವೀರ್ಯಾಣು ಮರಳುತ್ತದೆ, ನಿಧಾನವಾಗಿ.

ಉಳಿದದ್ದು ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳ ದೊಡ್ಡ ಮಾರುಕಟ್ಟೆ. 2020ರಲ್ಲಿ ಅಮೆರಿಕದ ಎರಡು ಪ್ರಯೋಗಗಳ ಫಲಿತಾಂಶ ಬಂತು. ಎರಡು ಸಾವಿರಕ್ಕೂ ಮೇಲ್ಪಟ್ಟ ದಂಪತಿಗಳಿದ್ದ ಒಂದರಲ್ಲಿ ಫೋಲಿಕ್ ಆಸಿಡ್ ಮತ್ತು ಸತು, ಇನ್ನೊಂದರಲ್ಲಿ ಹಲವು ಆ್ಯಂಟಿಆಕ್ಸಿಡೆಂಟುಗಳ ಮಿಶ್ರಣ. ಎರಡರಲ್ಲೂ ಹೆರಿಗೆಯ ಪ್ರಮಾಣ ಹೆಚ್ಚಲಿಲ್ಲ. ಮೆಡಿಕಲ್ ಶಾಪಿನ ಚೀಟಿಗಳಲ್ಲಿ ಆ ಹೆಸರುಗಳು ಇವತ್ತಿಗೂ ಮೊದಲ ಸಾಲಿನಲ್ಲೇ ಇವೆ. ಅಶ್ವಗಂಧ, ನಸಗುನ್ನಿಯಂಥ ವಾಜೀಕರಣ ದ್ರವ್ಯಗಳ ಮೇಲೆ ಸಣ್ಣ ಅಧ್ಯಯನಗಳು ಆಗಿವೆ. ಎಷ್ಟು ಮಕ್ಕಳು ಹುಟ್ಟಿದವು ಎಂದು ಎಣಿಸುವ ದೊಡ್ಡ ಪ್ರಯೋಗಕ್ಕೆ ಅವನ್ನೂ ಒಡ್ಡಬೇಕು. ಪರಂಪರೆಗೆ ಅದರಿಂದ ಅವಮಾನವಾಗುವುದಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಮಕ್ಕಳಾಗದ ಗಂಡಸರಲ್ಲಿ ಮೂರರಲ್ಲಿ ಒಬ್ಬನಿಗಾದರೂ ಇಷ್ಟೆಲ್ಲ ಪರೀಕ್ಷೆಯಾದ ಮೇಲೂ ಕಾರಣ ಸಿಗುವುದಿಲ್ಲ. ಎಣಿಕೆ ಲೋಕದಲ್ಲೆಲ್ಲ ಇಳಿಯುತ್ತಿದೆಯೇ ಎಂಬುದಕ್ಕೆ, ಆಸ್ಪತ್ರೆಯ ಹೊರಗಿನ ಸಾಮಾನ್ಯ ಗಂಡಸರನ್ನು ಒಂದೇ ವಿಧಾನದಲ್ಲಿ ವರ್ಷಗಟ್ಟಲೆ ಎಣಿಸದೆ ಉತ್ತರವಿಲ್ಲ. ಭಾರತದಲ್ಲಿ ಅಂಥ ಕೆಲಸ ಇನ್ನೂ ಆಗಬೇಕಾಗಿದೆ. ಇಕ್ಸಿಯಿಂದ ಹುಟ್ಟಿದ ಗಂಡುಮಕ್ಕಳ ಮೊದಲ ತಲೆಮಾರು ಈಗ ಪ್ರಾಯಕ್ಕೆ ಬಂದಿದೆ. ಬ್ರಸೆಲ್ಸ್‌ನಲ್ಲೇ 54 ಯುವಕರನ್ನು ಪರೀಕ್ಷಿಸಿದಾಗ ಅವರ ಎಣಿಕೆ ಓರಗೆಯವರದಕ್ಕಿಂತ ಸುಮಾರು ಅರ್ಧದಷ್ಟಿತ್ತು ಎಂದು 2016ರಲ್ಲಿ ಪ್ರಕಟವಾಯಿತು. ಅದು ಅಪ್ಪನಿಂದ ಬಂದ ಬಳುವಳಿಯೋ ವಿಧಾನದ ಪರಿಣಾಮವೋ ಎಂಬುದನ್ನು 54 ಜನರಿಂದ ಹೇಳಲಾಗದು. ವೈ ತುಂಡಾಗಿರುವ ಅಪ್ಪನ ಮಗನಿಗೆ ಅದೇ ವೈ ಹೋಗುವುದಂತೂ ಖಂಡಿತ. ಇನ್ನು ಕಾಂಡಕೋಶದಿಂದ ವೀರ್ಯಾಣು: 2011ರಲ್ಲಿ ಕ್ಯೋಟೊದಲ್ಲಿ ಇಲಿಗಳಲ್ಲಿ ಸಾಧ್ಯವಾಯಿತು, ಮನುಷ್ಯರಿಗೆ ಇನ್ನೂ ಆಗಿಲ್ಲ.

ಕೊನೆಯದು ದಾನಿಯ ವೀರ್ಯದ ಪ್ರಶ್ನೆ. 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆ ದಾನಿಯ ವಯಸ್ಸನ್ನು 21ರಿಂದ 55ಕ್ಕೆ ಕಟ್ಟಿತು, ಒಬ್ಬ ದಾನಿಯ ವೀರ್ಯ ಒಂದೇ ದಂಪತಿಗೆ ಎಂದಿತು, ಹುಟ್ಟಿದ ಮಗು ಆ ದಂಪತಿಯದೇ ಎಂದೂ ದಾನಿಗೆ ಅದರ ಮೇಲೆ ಹಕ್ಕಿಲ್ಲವೆಂದೂ ಸ್ಪಷ್ಟಪಡಿಸಿತು. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ ನಂತರದ ದಾನದಿಂದ ಹುಟ್ಟಿದವರು ಹದಿನೆಂಟಾದ ಮೇಲೆ ದಾನಿ ಯಾರೆಂದು ಕೇಳಿ ತಿಳಿಯಬಹುದು. ನಮ್ಮಲ್ಲಿ ಮಗುವಿಗೆ ಅಂಥ ದಾರಿ ಕಾಣದು. ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಗೂ ವಿಷಯ ಗೊತ್ತಿರುವುದಿಲ್ಲ. ಮುಂದೊಂದು ದಿನ ಆ ಮಗು ಯಾವುದೋ ಕಾಯಿಲೆಗೋ ಕುತೂಹಲಕ್ಕೋ ಜೀನ್ ಪರೀಕ್ಷೆ ಮಾಡಿಸಿಕೊಂಡು ಬಂದು ಕೇಳಿದರೆ ಉತ್ತರ ಕೊಡಬೇಕಾದವರು ಯಾರು, ಅಪ್ಪನೋ, ಆಸ್ಪತ್ರೆಯೋ, ಸರ್ಕಾರವೋ ಎಂಬುದನ್ನು ಕಾಯ್ದೆ ಬರೆದವರು ಬಗೆಹರಿಸಿಲ್ಲ.